ಒಂದು ಜಿಲ್ಲೆಯ ಗಿಡಗಳ ಲೆಕ್ಕ ಇಡೋದು ಹೇಗೆ?

[ದೃಶ್ಯ: ಬಿಸಿಲೆ ಘಾಟ್‌ನ ಕಾಡು, ನಂತರ ಅರಸೀಕೆರೆಯ ಬಯಲು]

ನಮಸ್ಕಾರ. ಈಗ ನೋಡಿದ ಎರಡೂ ಜಾಗ ಹಾಸನ ಜಿಲ್ಲೆಯವೇ. ಪಶ್ಚಿಮಕ್ಕೆ ಜಿಗಣೆ ಹತ್ತುವ ದಟ್ಟ ಮಳೆಕಾಡು, ಪೂರ್ವಕ್ಕೆ ಜಾಲಿ, ಕುರುಚಲು, ಒಣನೆಲ. ಇಷ್ಟು ವೈವಿಧ್ಯ ಇರುವ ಜಿಲ್ಲೆಯಲ್ಲಿ ಯಾವ್ಯಾವ ಗಿಡ ಬೆಳೆಯುತ್ತೆ ಅಂತ ಪಟ್ಟಿ ಮಾಡಬೇಕು. ಹೇಗೆ?

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯವಿಜ್ಞಾನಿ, ಪಾದ್ರಿ ಸೆಸಿಲ್ ಸಲ್ಡಾನಾ ಈ ಕೆಲಸಕ್ಕೆ ಕೈ ಹಾಕಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜೊತೆಯಾದರು. 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ಹೊರಬಂತು. ಆ ಗ್ರಂಥವನ್ನು ನಂಬಬಹುದು, ಯಾಕಂದ್ರೆ ಅದರ ಬೆನ್ನಿಗೆ ಒಣಗಿಸಿಟ್ಟ ನಿಜವಾದ ಗಿಡಗಳಿವೆ. ಅವುಗಳನ್ನು ಜೋಡಿಸಿಡುವ ಜಾಗವೇ ಹರ್ಬೇರಿಯಂ.

[ದೃಶ್ಯ: ಗಿಡ ಒತ್ತುವ ಚೌಕಟ್ಟು, ಹಳೆ ಪೇಪರ್]

ಹೂವೋ ಕಾಯೋ ಇರುವ ಕೊಂಬೆ ಬೇಕು. ಬರೀ ಎಲೆ ನೋಡಿ ಗುರುತಿಸೋದು ಎಷ್ಟೋ ಸಲ ಆಗಲ್ಲ. ಕೊಂಬೆಯನ್ನು ಪೇಪರ್ ನಡುವೆ ಹರಡಿ, ಒಂದೆರಡು ಎಲೆಯ ಹಿಂಭಾಗ ಮೇಲೆ ಬರುವ ಹಾಗೆ ಮಗುಚಿ, ಬಿಗಿಯಾಗಿ ಕಟ್ಟುತ್ತಾರೆ. ಮಳೆಗಾಲದಲ್ಲಿ ಪೇಪರ್ ದಿನಾ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುತ್ತೆ. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸೋದು ಅಥವಾ ದಾರದಿಂದ ಹೊಲಿಯೋದು.

[ದೃಶ್ಯ: ಹಾಳೆಯ ಮೂಲೆಯ ಲೇಬಲ್, ಹತ್ತಿರದಿಂದ]

ನನಗೆ ಗಿಡಕ್ಕಿಂತ ಈ ಲೇಬಲ್ಲೇ ಮುಖ್ಯ ಅನ್ನಿಸುತ್ತೆ. ಎಲ್ಲಿ ಸಿಕ್ಕಿತು, ಯಾವ ತಾರೀಕು, ಯಾರು ತಂದರು, ಅವರ ಸಂಗ್ರಹ ಸಂಖ್ಯೆ ಎಷ್ಟು, ಎಲ್ಲ ಇಲ್ಲಿರುತ್ತೆ. ಬಿಳಿ ಹೂ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತೆ. ದೊಡ್ಡ ಮರದ ಒಂದು ರೆಂಬೆ ಮಾತ್ರ ಹಾಳೆ ಮೇಲಿರುತ್ತೆ. ಹೂವಿನ ಬಣ್ಣ, ಮರದ ಎತ್ತರ ಅಲ್ಲೇ ಬರೆದಿಡದಿದ್ದರೆ ಆ ವಿಷಯ ಹೋದಂತೆಯೇ ಅಲ್ವಾ?

ಹೆಸರುಗಳು ಬದಲಾಗುತ್ತವೆ. ಕರಿಜಾಲಿಯನ್ನು ಮೊದಲು ಅಕೇಶಿಯಾ ನಿಲೋಟಿಕಾ ಅನ್ನುತ್ತಿದ್ದರು, ಈಗ ವಚೆಲಿಯಾ ನಿಲೋಟಿಕಾ. ಹಳೆ ಲೇಬಲ್ ಕೀಳಲ್ಲ. ಪಕ್ಕದಲ್ಲಿ ಹೊಸ ಹೆಸರಿನ ಚೀಟಿ ಅಂಟಿಸುತ್ತಾರೆ. ಗುರುತಿಸಿದ್ದೇ ತಪ್ಪು ಅಂತ ಯಾರಿಗಾದರೂ ಅನುಮಾನ ಬಂದರೂ ಅದೇ ಹಾಳೆ ತೆಗೆದು, ಹೂವನ್ನು ಮತ್ತೆ ಪರೀಕ್ಷಿಸಬಹುದು. ಸುಮ್ನೆ ಹೆಸರಿನ ಪಟ್ಟಿ ಮಾತ್ರ ಇದ್ದಿದ್ದರೆ ಈ ಅವಕಾಶ ಇರುತ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ಸಂಗ್ರಹಕಾರರು ರಸ್ತೆ ಇರುವ ಕಡೆಗೇ ಜಾಸ್ತಿ ಹೋಗುತ್ತಾರೆ. ಒಂದು ಗಿಡ ಹರ್ಬೇರಿಯಂನಲ್ಲಿ ಇಲ್ಲ ಅಂದ ಮಾತ್ರಕ್ಕೆ ಆ ಊರಲ್ಲೂ ಇಲ್ಲ ಅಂತಲ್ಲ.

ಹಾಸನದ ನಂತರ ಸಲ್ಡಾನಾ ಇಡೀ ರಾಜ್ಯದ ಸಸ್ಯಗಳ ಕೆಲಸ ಹಿಡಿದರು. ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. ಅವರು ಬೆಳೆಸಿದ ಹರ್ಬೇರಿಯಂ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಅಲ್ಲಿನವರು ಆನ್‌ಲೈನ್‌ನಲ್ಲೂ ಇಟ್ಟಿದ್ದಾರೆ. ನಿಮ್ಮ ಹೊಲದ ಬದುವಿನ ಒಂದು ಗಿಡದ ಹೆಸರು ಹಾಕಿ ಹುಡುಕಿ. ಏನು ಸಿಕ್ಕಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ.