ಬ್ರೌಸರ್ ಹ್ಯಾಂಗ್ ಆದ್ರೆ ಮೊದ್ಲು ರೀಸ್ಟಾರ್ಟ್ ಮಾಡ್ಬೇಡಿ

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಸುಮಾರು ಜನ ಸೈಬರ್ ಸೆಂಟರ್ ನಡೆಸ್ತೀರ, ಇನ್ನು ಕೆಲವ್ರು ಕಾಲೇಜಲ್ಲಿ ಹುಡುಗ್ರಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡ್ತೀರ. ಕೊನೇ ದಿನ, ಹೊರಗಡೆ ಕ್ಯೂ ನಿಂತಿದೆ, ಆಗ್ಲೇ ಪೇಜ್ ಬೆಳ್ಳಗಾಗಿ ನಿಂತುಬಿಡುತ್ತೆ. ತಕ್ಷಣ ಕೈ ಹೋಗೋದು ಪವರ್ ಬಟನ್ನಿಗೆ. ದಯವಿಟ್ಟು ಅದು ಬೇಡ, ಅರ್ಧ ಗಂಟೆ ಕೂತು ತುಂಬಿದ ಫಾರ್ಮ್ ಹೋಗುತ್ತೆ, ಜೊತೆಗೆ ತೊಂದ್ರೆ ಎಲ್ಲಿತ್ತು ಅನ್ನೋ ಸುಳಿವೂ ಹೋಗುತ್ತೆ. ತಪ್ಪು ಮಶೀನಿಂದೋ, ಬ್ರೌಸರಿಂದೋ, ಸೈಟಿಂದೋ ಅಂತ ಮೊದ್ಲು ಗೊತ್ತು ಮಾಡ್ಕೊಂಡ್ರೆ ಮುಂದಿನ ಕೆಲಸ ಅರ್ಧ ಮುಗೀತು.

ಪಕ್ಕದ ಟ್ಯಾಬ್ ಒತ್ತಿ ನೋಡಿ. 2008ರಲ್ಲಿ ಕ್ರೋಮ್ ಬಂದಾಗ ಟ್ಯಾಬ್‌ಗಳನ್ನ ಬೇರೆ ಬೇರೆ ಪ್ರೋಸೆಸ್ ಆಗಿ, ಅಂದ್ರೆ ಬೇರೆ ಬೇರೆ ಪ್ರೋಗ್ರಾಂ ಥರ, ಓಡಿಸೋ ಪದ್ಧತಿ ತಂದ್ರು, ಫೈರ್‌ಫಾಕ್ಸ್ 2016ರಿಂದ ಆ ದಾರಿ ಹಿಡೀತು. ಹಾಗಾಗಿ ಒಂದು ಟ್ಯಾಬ್ ಸತ್ರೂ ಸಾಮಾನ್ಯವಾಗಿ ಇನ್ನೊಂದು ಬದುಕಿರುತ್ತೆ. ಪಕ್ಕದ್ದು ಸರಿಯಾಗಿ ಓಡ್ತಾ ಇದ್ರೆ ನಿಮ್ಮ ಮಶೀನಿನ ಮೇಲೆ ಅನುಮಾನ ಬೇಡ, ಆ ಪೇಜಿನ ಒಳಗಿನ ಜಾವಾಸ್ಕ್ರಿಪ್ಟ್, ಅಂದ್ರೆ ಪೇಜನ್ನ ಓಡಿಸೋ ಕೋಡ್, ಎಲ್ಲೋ ಸಿಕ್ಕಾಕ್ಕೊಂಡಿರೋ ಸಾಧ್ಯತೆ ಜಾಸ್ತಿ. ಪೇಜಿನ ಸ್ಕ್ರಿಪ್ಟು, ಪರದೆ ಮೇಲೆ ಬರೆಯೋದು, ನಿಮ್ಮ ಕ್ಲಿಕ್ ತಗೊಳ್ಳೋದು ಇವೆಲ್ಲಾ ಒಂದೇ ಥ್ರೆಡ್ಡಲ್ಲಿ, ಅಂದ್ರೆ ಒಂದೇ ಸಾಲಲ್ಲಿ ಒಂದಾದ ಮೇಲೊಂದು, ನಡೆಯುತ್ತೆ, ಜಿಲ್ಲೆ ಸೆಲೆಕ್ಟ್ ಮಾಡಿದ ಕೂಡ್ಲೇ ಸಾವಿರಾರು ಊರಿನ ಹೆಸರು ಒಂದೇ ಸಲ ಡ್ರಾಪ್‌ಡೌನಿಗೆ ಸುರಿಯೋ ಹಾಗೆ ಬರೆದಿದ್ರೆ ಅದು ಮುಗಿಯೋವರ್ಗೂ ನಿಮ್ಮ ಮೌಸಿಗೆ ಉತ್ತರ ಕೊಡೋಕೆ ಅಲ್ಲಿ ಯಾರೂ ಇರಲ್ಲ. ಆಗ ಪೇಜ್ ಉತ್ತರ ಕೊಡ್ತಿಲ್ಲ ಅಂತ ಬರೋ ಪೆಟ್ಟಿಗೇಲಿ ವೇಟ್ ಅನ್ನೋದನ್ನ ಒಂದು ಸಲ ಒತ್ತಿ ಸುಮ್ನೆ ಕೂತ್ಕೊಳ್ಳಿ. ಸಬ್ಮಿಟ್ ಬಟನ್ ಮೇಲೆ ಪಟಪಟ ಅಂತ ಒತ್ತಲೇಬೇಡಿ, ಒತ್ತಿದ್ದೆಲ್ಲಾ ಸಾಲಲ್ಲಿ ನಿಂತಿರುತ್ತೆ, ಪೇಜ್‌ಗೆ ಜೀವ ಬಂದಾಗ ಒಂದೇ ಅರ್ಜಿ ಎರಡು ಸಲ ಹೋಗಬಹುದು.

ಎಲ್ಲಾ ಟ್ಯಾಬೂ ನಿಧಾನ ಆಗಿದ್ರೆ ಕ್ರೋಮಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ತೆರ್ಕೊಳುತ್ತೆ, ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸ್ಕೊಂಡ ಚಿಕ್ಕ ಪ್ರೋಗ್ರಾಂ) ಎಷ್ಟು ಮೆಮೊರಿ ತಿಂತಿದೆ ಅಂತ ಕಾಣುತ್ತೆ, ಅದೊಂದನ್ನೇ ಮುಗಿಸಬಹುದು. ಸ್ಕ್ರೋಲ್ ಮಾಡಿದಾಗ ಪರದೆ ಮಿಣಕ್ ಮಿಣಕ್ ಅಂದ್ರೆ, ಕಪ್ಪಾದ್ರೆ, ಸೆಟ್ಟಿಂಗ್ಸಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಮಾಡಿ ನೋಡಿ.

ಇನ್ನು ಇನ್‌ಕಾಗ್ನಿಟೋ, ಅಂದ್ರೆ ಹಿಸ್ಟರಿ ಉಳಿಸದ ಖಾಸಗಿ ವಿಂಡೋ. ಅದ್ರಲ್ಲಿ ತೆಗೆದ್ರೆ ಓಡುತ್ತೆ ಅಂತ ಎಲ್ರಿಗೂ ಗೊತ್ತು, ಯಾಕೆ ಓಡ್ತು ಅಂತ ಯೋಚ್ನೆ ಮಾಡೋದು ಕಮ್ಮಿ. ಅಲ್ಲಿ ಎಕ್ಸ್‌ಟೆನ್ಶನ್ ನೀವಾಗೇ ಅನುಮತಿ ಕೊಡದಿದ್ರೆ ಓಡಲ್ಲ, ಹಳೇ ಕುಕೀ (ಲಾಗಿನ್ ಥರದ್ದನ್ನ ನೆನಪಿಡೋಕೆ ಸೈಟ್ ಇಟ್ಟ ಗುರುತು) ಮತ್ತು ಕ್ಯಾಶೆನೂ (ಉಳಿಸಿಟ್ಟ ಹಳೇ ಪೇಜಿನ ಫೈಲುಗಳು) ಇರಲ್ಲ. ಅಂದ್ರೆ ಅನುಮಾನ ಎರಡರ ಮೇಲೆ. ಮೊದ್ಲು ಮಾಮೂಲಿ ವಿಂಡೋದಲ್ಲೇ ಎಕ್ಸ್‌ಟೆನ್ಶನ್ ಆಫ್ ಮಾಡಿ ನೋಡಿ, ಆಗ್ಲೂ ಓಡ್ಲಿಲ್ಲ ಅಂದ್ರೆ ಆ ಒಂದು ಸೈಟಿನ ಕುಕೀ ಮಾತ್ರ ಅಳಿಸಿ, ಪೂರ್ತಿ ಹಿಸ್ಟರಿ ಯಾಕೆ ತೊಳೀಬೇಕು?

ಯಾವ ಸೈಟ್ ತೆಗೆದ್ರೂ ಸರ್ಟಿಫಿಕೇಟ್ (ಸೈಟ್ ಅಸಲಿ ಅನ್ನೋ ಗುರುತಿನ ಪತ್ರ, ಅದಕ್ಕೆ ಅವಧಿ ಇರುತ್ತೆ) ಸರಿ ಇಲ್ಲ ಅಂತ ಬಂದ್ರೆ ಮೂಲೇಲಿರೋ ತಾರೀಖು ನೋಡಿ. ಮದರ್‌ಬೋರ್ಡಲ್ಲಿರೋ ನಾಣ್ಯದಂಥ ಸೆಲ್ ಸತ್ತಿರುತ್ತೆ, ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿರುತ್ತೆ.

ಈಗ ಸೈಟಿಗೂ ಬ್ರೌಸರಿಗೂ ಹೊಂದಾಣಿಕೆ ವಿಷ್ಯ, ನಂಗೆ ಹೆಚ್ಚು ಸಂಕಟ ಆಗೋದು ಇದೇ. ಒಂದು ಕಾಲಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಅಂತ ಸೈಟ್ ಕಟ್ಟಿದ್ರು. ಆಗಿನ ಎಷ್ಟೋ ಕನ್ನಡ ಪುಟಗಳ ಫಾಂಟೇ ಅದ್ರಲ್ಲಿ ಮಾತ್ರ ಬರ್ತಿತ್ತು, ಬೇರೆ ಬ್ರೌಸರಲ್ಲಿ ತಲೆ ಮೇಲೆ ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ ಕಾಣ್ತಿತ್ತು. ಇವತ್ತೂ ಅಂಥ ಹಳೇ ಪುಟ ಸಿಕ್ಕಿದ್ರೆ ಬ್ರೌಸರ್ ಕೆಟ್ಟಿದೆ ಅನ್ಕೋಬೇಡಿ, ಕಾಪಿ ಮಾಡಿ, ಹಳೇ ಫಾಂಟಿನ ಅಕ್ಷರಾನ ಈಗಿನ ಕನ್ನಡಕ್ಕೆ ಬದಲಾಯಿಸೋ ಯೂನಿಕೋಡ್ ಕನ್ವರ್ಟರಿಗೆ ಹಾಕಿ. ಆ ಎಕ್ಸ್‌ಪ್ಲೋರರ್‌ನ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸ್ತು. ಹಳೇ ಆಫೀಸ್ ಸೈಟ್ ಬೇಕೇ ಬೇಕು ಅಂದ್ರೆ ಮೈಕ್ರೋಸಾಫ್ಟಿನ ಈಗಿನ ಬ್ರೌಸರ್ ಎಡ್ಜಲ್ಲಿ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಇದೆ, ಕನಿಷ್ಠ 2029ರವರೆಗೆ ಇರುತ್ತೆ ಅಂದಿದ್ದಾರೆ.

ವಿಂಡೋಸ್ 7 ಇಟ್ಕೊಂಡಿರೋರಿಗೆ ಕ್ರೋಮ್ ವರ್ಶನ್ 109ಕ್ಕೇ ನಿಂತುಹೋಗಿದೆ. ಹೊಸ ಸೈಟ್ ಅದ್ರಲ್ಲಿ ಅರ್ಧಂಬರ್ಧ ಬಂದ್ರೆ ಕ್ಯಾಶೆ ಎಷ್ಟು ಅಳಿಸಿದ್ರೂ ಪ್ರಯೋಜನ ಇಲ್ಲ.

ಎಲ್ಲಾ ಸರಿಯಿದ್ದೂ ಸೈಟೇ ಬ್ರೌಸರಿನ ಹೆಸರು ನೋಡಿ ಬಾಗಿಲು ಹಾಕೋದೂ ಇದೆ. 2009ರಲ್ಲಿ ಒಪೇರಾ 10 ಬಂದಾಗ ಎರಡಂಕಿ ವರ್ಶನ್ ಓದೋಕೆ ಬಾರದ ಸೈಟುಗಳು ಅದನ್ನ ವರ್ಶನ್ 1 ಅನ್ಕೊಂಡ್ವು, ಕೊನೆಗೆ ಒಪೇರಾನೇ ತನ್ನನ್ನ 9.80 ಅಂತ ಹೇಳ್ಕೋಬೇಕಾಯ್ತು. ತಪ್ಪು ಸೈಟಿಂದು, ತಿದ್ಕೊಂಡಿದ್ದು ಬ್ರೌಸರ್. ಈಗ್ಲೂ ಹಾಗೇ ನಡೀತಿದೆ, ಫೈರ್‌ಫಾಕ್ಸಲ್ಲಿ ಅಬೌಟ್ ಕೋಲನ್ ಕಂಪ್ಯಾಟ್ ಅಂತ ಟೈಪ್ ಮಾಡಿದ್ರೆ ಯಾವ್ಯಾವ ಸೈಟಿಗೋಸ್ಕರ ತೇಪೆ ಹಾಕಿದ್ದಾರೆ ಅಂತ ಪಟ್ಟಿನೇ ಬರುತ್ತೆ.

ದುಡ್ಡಿನ ವಿಷ್ಯ ಒಂದು ಹೇಳ್ತೀನಿ. ಬ್ಯಾಂಕ್ ಪೇಜಲ್ಲಿ ಹಣ ಕಟ್ಟಿ ವಾಪಸ್ ಬಂದಾಗ ಸೆಶನ್ ಎಕ್ಸ್‌ಪೈರ್ಡ್ ಅಂತ ಬರುತ್ತಲ್ಲ, ಅದಕ್ಕೆ ಒಂದು ಕಾರಣ 2020ರಲ್ಲಿ ಕ್ರೋಮ್ ಕುಕೀ ನಿಯಮ ಬಿಗಿ ಮಾಡಿದ್ದು. ಬೇರೆ ಸೈಟಿಂದ ವಾಪಸ್ ಬರೋವಾಗ ಕೆಲವು ಸಲ ಲಾಗಿನ್ ಕುಕೀ ಜೊತೆಗೆ ಹೋಗಲ್ಲ, ಸೈಟಿನೋರು ಅದಕ್ಕೆ ತಕ್ಕಂತೆ ಬದಲಾಯಿಸಿರಬೇಕು. ನೀವು ಅಲ್ಲಿ ಮಾಡಬಹುದಾದ್ದು ಒಂದೇ, ಇನ್ನೊಂದು ಸಲ ಹಣ ಕಟ್ಟೋಕೆ ಮುಂಚೆ ಮತ್ತೆ ಲಾಗಿನ್ ಆಗಿ ಪೇಮೆಂಟ್ ಸ್ಟೇಟಸ್ ನೋಡಿ.

ಪ್ರಿಂಟ್ ಒತ್ತಿದ್ರೆ ಏನೂ ಆಗಲ್ಲ ಅಂತೀರಲ್ಲ, ಅಡ್ರೆಸ್ ಬಾರಿನ ಬಲತುದೀಲಿ ಚಿಕ್ಕ ಕಿಟಕಿ ಚಿತ್ರ ಬಂದಿರುತ್ತೆ, ಪಾಪ್‌ಅಪ್ ತಡೆದಿದೆ ಅಂತ ಅರ್ಥ, ಒತ್ತಿ ಅನುಮತಿ ಕೊಡಿ ಅಷ್ಟೇ.

ಸೈಟಿಂದೇ ತಪ್ಪು ಅಂತ ಖಾತ್ರಿ ಆದ್ರೆ ಸುಮ್ನೆ ಬಿಡಬೇಡಿ, ಬರೆದು ತಿಳಿಸಿ. 'ಸೈಟ್ ವರ್ಕ್ ಆಗ್ತಿಲ್ಲ' ಅಂತ ಹೆಲ್ಪ್‌ಡೆಸ್ಕಿಗೆ ಬರೆದ್ರೆ ಅವ್ರಿಗೂ ಏನೂ ಗೊತ್ತಾಗಲ್ಲ. ಎಫ್12 ಒತ್ತಿ ಕನ್ಸೋಲಿಗೆ (ಪೇಜಿನ ತಪ್ಪುಗಳು ಕಾಣೋ ಜಾಗ) ಹೋಗಿ, ಬಟನ್ ಒತ್ತಿದ ಕ್ಷಣ ಅಲ್ಲಿ ಬೀಳೋ ಕೆಂಪು ಸಾಲಿನ ಫೋಟೋ ತೆಗೀರಿ, ಬ್ರೌಸರ್ ವರ್ಶನ್, ವಿಂಡೋಸ್ ಯಾವುದು, ಎಷ್ಟು ಹೊತ್ತಿಗೆ ಆಯ್ತು, ಯಾವ ಬಟನ್, ಬೇರೆ ಬ್ರೌಸರಲ್ಲಿ ಓಡ್ತಾ ಇಲ್ವಾ ಅಂತ ಸೇರಿಸಿ. ಫೋಟೋ ಕಳಿಸೋ ಮುಂಚೆ ಅರ್ಜಿದಾರರ ಆಧಾರ್ ನಂಬರ್ ಮುಚ್ಚೋದು ಮರೀಬೇಡಿ. ಈಗ ಪ್ರೊಜೆಕ್ಟರಲ್ಲಿ ಒಂದು ಪೇಜ್ ತೆಗೀತೀನಿ, ಆ ಕೆಂಪು ಸಾಲು ಓದೋದು ಹೇಗೆ ಅಂತ ನೋಡೋಣ.