ಹಳೆಯ ಕಂಪ್ಯೂಟರಿನಿಂದ ಫೈಲು ಹೊರತರುವ ಬಗೆ

ಕೇಳುಗರಿಗೆಲ್ಲ ನಮಸ್ಕಾರ.

ಎಷ್ಟೋ ಮನೆಗಳ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತ ಹಳೆಯ ಕಂಪ್ಯೂಟರ್ ಒಂದಿರುತ್ತದೆ. ಮಗು ಮೊದಲ ಹೆಜ್ಜೆ ಇಟ್ಟಾಗ ತೆಗೆದ ಫೋಟೋ, ಈಗ ಇಲ್ಲದವರ ಧ್ವನಿ, ವರ್ಷಗಟ್ಟಲೆ ಬರೆದಿಟ್ಟ ಲೆಕ್ಕಪತ್ರ ಎಲ್ಲ ಅದರಲ್ಲೇ ಉಳಿದಿರುತ್ತದೆ. ಗುಂಡಿ ಒತ್ತಿದರೆ ಇವತ್ತಿಗೂ ಚಾಲೂ ಆಗುತ್ತದೆ. ಆದರೆ ಒಳಗಿರುವುದನ್ನು ಹೊಸ ಕಂಪ್ಯೂಟರಿಗೆ ತರೋಣವೆಂದು ಕೂತರೆ ಎರಡಕ್ಕೂ ಮಾತೇ ಹೊಂದುವುದಿಲ್ಲ. ಒಂದೇ ರೂಟರಿಗೆ ಸೇರಿಸಿದ್ದರೂ ಒಂದಕ್ಕೆ ಇನ್ನೊಂದು ಕಾಣುವುದಿಲ್ಲ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಸೂಚನೆ ಕೊಡುತ್ತದೆಂದು ನಂಬುವಂತಿಲ್ಲ, ಒಂದು ದಿನ ಸುಮ್ಮನೆ ನಿಂತುಬಿಡಬಹುದು. ಆ ದಿನ ಬರುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕು ಎಂಬ ಕಳಕಳಿಯಿಂದ ಇವತ್ತು ಮಾತಾಡುತ್ತಿದ್ದೇನೆ.

ಮೊದಲು ತಂತಿಯ ವಿಷಯ. ಹಳೆಯ ಯಂತ್ರಕ್ಕೆ ವೈಫೈ ಬೇಡ, ಕೇಬಲ್ ಹಾಕಿ. ಹಳೆಯ ವೈಫೈ ಕಾರ್ಡುಗಳಲ್ಲಿ ಎಷ್ಟೋ ಕಾರ್ಡುಗಳಿಗೆ ಡಬ್ಲ್ಯೂಪಿಎ-2 ಭದ್ರತೆ ಗೊತ್ತಿಲ್ಲ. ಅದೊಂದಕ್ಕೋಸ್ಕರ ಮನೆಯ ವೈಫೈ ಬೀಗವನ್ನೇ ಸಡಿಲಿಸಿದರೆ ಉಳಿದವರ ಫೋನು, ಲ್ಯಾಪ್‌ಟಾಪುಗಳೆಲ್ಲ ಬಯಲಿಗೆ ಬೀಳುತ್ತವೆ. ಕೇಬಲ್ಲಿನಲ್ಲಿ ವೇಗವೂ ಸಾಕಷ್ಟು ಸಿಗುತ್ತದೆ. 100 ಮೆಗಾಬಿಟ್‌ನ ಪೋರ್ಟ್ ಇದ್ದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಬರುತ್ತದೆ. 20 ಗಿಗಾಬೈಟ್ ಫೋಟೋ ಅರ್ಧ ಗಂಟೆಯ ಆಚೀಚೆ ಮುಗಿಯುತ್ತದೆ. ಇನ್ನೂ ಹಳೆಯ 10 ಮೆಗಾಬಿಟ್ ಕಾರ್ಡಾದರೆ ಐದಾರು ಗಂಟೆ, ರಾತ್ರಿ ಹಚ್ಚಿಟ್ಟು ಮಲಗಬೇಕು.

ನಾನೊಮ್ಮೆ ಇಡೀ ಸಂಜೆ ಇದರ ಮುಂದೆ ಕೂತಿದ್ದೆ. ವರ್ಕ್‌ಗ್ರೂಪ್ ಹೆಸರು ಬದಲಿಸಿದೆ, ಫೈರ್‌ವಾಲ್ ನೋಡಿದೆ, ಮೂರು ಸಲ ರೀಸ್ಟಾರ್ಟ್ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ನೆಲದ ಮೇಲೆ ಕೂತು ಯಂತ್ರದ ಬೆನ್ನಿಗೆ ಟಾರ್ಚ್ ಬಿಟ್ಟೆ. ಕೇಬಲ್ ತುದಿಯಲ್ಲಿ ಕಟಕ್ಕೆಂದು ಕೂರುವ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಪ್ಲಗ್ ಕೂದಲೆಳೆಯಷ್ಟು ಹಿಂದಕ್ಕೆ ಸರಿದಿತ್ತು. ಬೆರಳಲ್ಲಿ ಒತ್ತಿ ಹಿಡಿದರೆ ಪಕ್ಕದ ಹಸಿರು ದೀಪ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ. ಅಂದಿನಿಂದ ಪರದೆ ನೋಡುವ ಮೊದಲು ಆ ದೀಪ ನೋಡುತ್ತೇನೆ.

ದೀಪ ಸರಿಯಿದ್ದರೆ ಮುಂದಿನದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಅಂಕಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಕಮಾಂಡ್ ಕಿಟಕಿ ತೆರೆದು ಐಪಿಕಾನ್ಫಿಗ್ ಎಂದು ಟೈಪಿಸಿ. ವಿಂಡೋಸ್ 98 ಆದರೆ ವಿನ್‌ಐಪಿಸಿಎಫ್‌ಜಿ. ಸಾಮಾನ್ಯವಾಗಿ 192.168ರಿಂದ ಶುರುವಾಗುವ ಅಂಕಿ ಬರುತ್ತದೆ. ಅದರ ಬದಲು 169.254 ಬಂದರೆ ರೂಟರಿನಿಂದ ವಿಳಾಸ ಸಿಗದೆ ಯಂತ್ರ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಮತ್ತೆ ಕೇಬಲ್ಲಿನ ಕಡೆಗೇ ತಿರುಗಿ.

ನೆಟ್‌ವರ್ಕ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣಲಿಲ್ಲವೆಂದು ತುಂಬ ಜನ ಅಲ್ಲಿಗೇ ಕೈಬಿಡುತ್ತಾರೆ. ಆ ಪಟ್ಟಿಯನ್ನು ನಂಬಿ ಕೂರಬೇಡಿ. ಹಳೆಯ ಪದ್ಧತಿಯಲ್ಲಿ ಪ್ರತಿ ಯಂತ್ರವೂ 12 ನಿಮಿಷಕ್ಕೊಮ್ಮೆ 'ನಾನಿದ್ದೇನೆ' ಎಂದು ಕೂಗುತ್ತದೆ, ಮೂರು ಸಲ ಕೂಗು ಕೇಳದಿದ್ದರೆ ಮಾತ್ರ ಹೆಸರು ಅಳಿಯುತ್ತದೆ. ಹಾಗಾಗಿ ಕರೆಂಟ್ ಹೋಗಿ ನಿಂತ ಯಂತ್ರದ ಹೆಸರು ಅರ್ಧ ಗಂಟೆ ದಾಟಿದರೂ ಪಟ್ಟಿಯಲ್ಲಿರುತ್ತದೆ. ಎದುರಿಗೇ ಓಡುತ್ತಿರುವ ಯಂತ್ರ ಕಾಣದೆಯೂ ಇರಬಹುದು. ಹೆಸರು ಬಿಟ್ಟು ಅಂಕಿ ಹಿಡಿಯಿರಿ. ಫೋಲ್ಡರ್ ಕಿಟಕಿಯ ಮೇಲಿನ ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಅಂದರೆ ಎಡಕ್ಕೆ ವಾಲಿದ ಗೆರೆ ಎರಡು ಸಲ, ಅದಕ್ಕಂಟಿಕೊಂಡೇ ಆ ಯಂತ್ರದ ಐಪಿ ವಿಳಾಸ ಟೈಪಿಸಿ ಎಂಟರ್ ಒತ್ತಿ.

ಇಷ್ಟಾದರೂ ಬಾಗಿಲು ತೆರೆಯಲಿಲ್ಲವೆಂದರೆ ತೊಡಕು ಇರುವುದು ಭಾಷೆಯಲ್ಲಿ. ವಿಂಡೋಸ್ ಯಂತ್ರಗಳು ಫೈಲು ಹಂಚಿಕೊಳ್ಳಲು ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಎಕ್ಸ್‌ಪಿಗೆ ಗೊತ್ತಿರುವುದು ಇದರ ಮೊದಲ ಆವೃತ್ತಿಯೊಂದೇ. ವಿಂಡೋಸ್ ವಿಸ್ಟಾದೊಂದಿಗೆ ಎರಡನೆಯದು, 2012ರಲ್ಲಿ ವಿಂಡೋಸ್ 8ರೊಂದಿಗೆ ಮೂರನೆಯದು ಬಂತು. ಮೊದಲನೆಯದರಲ್ಲಿದ್ದ ಒಂದು ಬಿರುಕಿನಿಂದಲೇ 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ವೈರಸ್ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸುವ ಹಾಗಾಯಿತು. ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆಮೇಲೆ ತೇಪೆ ಬಂತು. ಅದೇ ವರ್ಷ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ-1 ಪೂರ್ತಿಯಾಗಿ ಇರುವುದಿಲ್ಲ, ಕೆಲವು ಬಗೆಗಳಲ್ಲಿ ಸ್ವಲ್ಪ ಭಾಗ ಇದ್ದರೂ ಕೆಲವು ದಿನ ಬಳಸದಿದ್ದರೆ ತಾನಾಗಿ ಹೊರಟುಹೋಗುತ್ತದೆ. ಹೊಸ ಯಂತ್ರ ಹಳೆಯದಕ್ಕೆ ಕಿವುಡಾದದ್ದು ಹೀಗೆ.

ಹಾಗಾದರೆ ಹೊಸ ಯಂತ್ರದಲ್ಲಿ ಎಸ್‌ಎಂಬಿ-1 ಹಾಕಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ-1ರ ಕೆಳಗೆ ಕ್ಲೈಂಟ್ ಮತ್ತು ಸರ್ವರ್ ಎಂದು ಬೇರೆ ಬೇರೆ ಗುರುತುಗಳಿವೆ. ಸರ್ವರ್ ಎಂದರೆ ಹಳೆಯ ಭಾಷೆಯಲ್ಲಿ ಯಾರು ಬಾಗಿಲು ಬಡಿದರೂ ತೆರೆಯುವುದು. ಕ್ಲೈಂಟ್ ಎಂದರೆ ತಾನು ಹೋಗಿ ಬಡಿಯುವುದು ಮಾತ್ರ. ಹಳೆಯ ಯಂತ್ರದಲ್ಲಿ ಫೋಲ್ಡರನ್ನು ಓದಲು ಮಾತ್ರ ಅನುಮತಿಯಿಟ್ಟು ಶೇರ್ ಮಾಡಿ, ಹೊಸದರಲ್ಲಿ ಕ್ಲೈಂಟ್ ಒಂದಕ್ಕೇ ಟಿಕ್ ಹಾಕಿ, ಹೊಸದರಿಂದ ಹೋಗಿ ಎಳೆದುಕೊಳ್ಳಿ. ಸರ್ವರ್ ಗುರುತನ್ನು ಮುಟ್ಟಲೇಬೇಡಿ.

ಎಕ್ಸ್‌ಪಿ ಯಂತ್ರ ಇಂಟರ್ನೆಟ್ಟಿಗೆ ಹೋಗದಂತೆ ತಡೆಯುವುದು ಸುಲಭ. ಅದಕ್ಕೆ ಐಪಿ ವಿಳಾಸವನ್ನು ನೀವೇ ಕೈಯಾರೆ ಕೊಡಿ. ನಿಮ್ಮ ರೂಟರ್ 192.168.1 ಸಾಲಿನದಾದರೆ 192.168.1.200ರಂಥದ್ದು, ಮನೆಯ ಬೇರೆ ಯಂತ್ರಕ್ಕೆ ಇಲ್ಲದ್ದು. ಸಬ್‌ನೆಟ್ ಮಾಸ್ಕ್ ಎಂಬ ಜಾಗದಲ್ಲಿ 255.255.255.0 ಹಾಕಿ. ಗೇಟ್‌ವೇ ಎಂಬ ಜಾಗ ಖಾಲಿ ಬಿಡಿ. ಹೊರಗಿನ ದಾರಿ ಯಾವ ಕಡೆಗೆ ಎಂದು ಗೊತ್ತಿಲ್ಲದ ಯಂತ್ರ ಮನೆಯೊಳಗೆ ಮಾತ್ರ ಮಾತಾಡುತ್ತದೆ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಯೂಸರ್ ಹೆಸರು ಕೇಳಿ, ಪಾಸ್‌ವರ್ಡೇ ಇಲ್ಲದ ಖಾತೆಯನ್ನು ಒಪ್ಪದೆ ಹೋದರೆ ಗಾಬರಿಯಾಗಬೇಡಿ. ಖಾಲಿ ಪಾಸ್‌ವರ್ಡಿನ ಖಾತೆಗೆ ನೆಟ್‌ವರ್ಕಿನಿಂದ ಪ್ರವೇಶವಿಲ್ಲ, ಖಾತೆಗೊಂದು ಪಾಸ್‌ವರ್ಡ್ ಇಡಿ.

ನನ್ನನ್ನು ಕೇಳಿದರೆ ಎಸ್‌ಎಂಬಿ-1ರ ಗೊಡವೆಯೇ ಬೇಡದ ಇನ್ನೊಂದು ದಾರಿ ಹೆಚ್ಚು ಇಷ್ಟ, ಫೈಲು ಸಾಗಿಸಲೆಂದೇ ಇರುವ ಎಫ್‌ಟಿಪಿ ಎಂಬ ಪದ್ಧತಿ. ಅಭಯ್ ಭೂಷಣ್ 1971ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದಾಗ ಇದರ ಮೊದಲ ಕರಡು ಬರೆದರು. ಅಷ್ಟು ಹಳೆಯದಾದ್ದರಿಂದಲೇ ಎರಡೂ ತಲೆಮಾರಿನ ಯಂತ್ರಕ್ಕೆ ಅದು ಅರ್ಥವಾಗುತ್ತದೆ. ಹೊಸ ಯಂತ್ರದಲ್ಲಿ ಪುಟ್ಟ ಎಫ್‌ಟಿಪಿ ಸರ್ವರ್ ಪ್ರೋಗ್ರಾಂ ಓಡಿಸಿ. ಹಳೆಯ ವಿಂಡೋಸ್‌ನಲ್ಲಿ ಎಫ್‌ಟಿಪಿ ಕಮಾಂಡ್ ಮೊದಲಿನಿಂದ ಇದ್ದೇ ಇದೆ. ಆದರೆ ಲಾಗಿನ್ ಆದೊಡನೆ ಬೈನರಿ ಎಂದು ಟೈಪಿಸಿ ಎಂಟರ್ ಒತ್ತುವುದನ್ನು ಮರೆಯಬೇಡಿ. ಇಲ್ಲವಾದರೆ ಎಫ್‌ಟಿಪಿ ಕಮಾಂಡ್ ಎಲ್ಲ ಫೈಲುಗಳನ್ನೂ ಬರಹವೆಂದೇ ಭಾವಿಸಿ ಶುರುಮಾಡುತ್ತದೆ, ಸಾಲು ಮುಗಿಯುವ ಗುರುತುಗಳನ್ನು ತಿದ್ದುತ್ತದೆ. ಬರಹಕ್ಕೆ ಅದರಿಂದ ತೊಂದರೆಯಿಲ್ಲ, ಫೋಟೋ ಮಾತ್ರ ಹಾಳಾಗಿ ತೆರೆಯದೆ ಹೋಗಬಹುದು. ಎಫ್‌ಟಿಪಿಯ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ, ಆದ್ದರಿಂದ ಬ್ಯಾಂಕಿಗೋ ಮಿಂಚಂಚೆಗೋ ಬಳಸುವ ಪಾಸ್‌ವರ್ಡನ್ನು ಇಲ್ಲಿ ಇಡಬೇಡಿ. ಕೆಲಸ ಮುಗಿದೊಡನೆ ಸರ್ವರ್ ನಿಲ್ಲಿಸಿ.

ಹಳೆಯ ಡಿಸ್ಕ್ ಯಾವ ಬಗೆಯದು, ಹೊಸ ಯಂತ್ರಕ್ಕೆ ಅದು ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. ನೆಟ್‌ವರ್ಕಿನಲ್ಲಿ ದಾಟುವುದು ಫೈಲು ಮಾತ್ರ. ಡಿಸ್ಕನ್ನು ಓದುವ ಹೊಣೆ ಅದು ಇರುವ ಯಂತ್ರದ್ದೇ.

ನಕಲು ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆಯಿರಿ. ಫೈಲುಗಳ ಸಂಖ್ಯೆ, ಒಟ್ಟು ಬೈಟುಗಳು ತಾಳೆಯಾಗಬೇಕು. ತಾಳೆಯಾದರೂ ಶುರುವಿನದೊಂದು, ನಡುವಿನದೊಂದು, ಕೊನೆಯದೊಂದು ಫೋಟೋ ತೆರೆದು ನೋಡಿ. ಧ್ವನಿ ಇದ್ದರೆ ಕೊನೆಯವರೆಗೂ ಕೇಳಿ. ಆಮೇಲೆ ಕ್ಲೈಂಟ್ ಗುರುತನ್ನು ತೆಗೆದು, ಹಳೆಯ ಯಂತ್ರದ ಕೇಬಲ್ ಬಿಚ್ಚಿ. ಡಿಸ್ಕನ್ನು ಮಾತ್ರ ಅಳಿಸಬೇಡಿ, ಹೊಸ ಕಡೆಯದಕ್ಕೆ ಇನ್ನೊಂದು ಪ್ರತಿ ಆಗುವವರೆಗೂ ಅದು ಹಾಗೇ ಇರಲಿ.

ನಮಸ್ಕಾರ.