ಗಂಡನ ಹೆಸರಿನ ಇನ್ಶೂರೆನ್ಸ್ ಕಾರ್ಡು

ನಮಸ್ಕಾರ. ಇವತ್ತು ಮದುವೆ ವಿಷಯ. ಜಾತಕ, ಛತ್ರ, ಊಟದ ಎಲೆ ಅಲ್ಲ. ಮದುವೆಯಾಗಿ ಅಮೆರಿಕಕ್ಕೆ ಹೋದ ನಮ್ಮ ಹುಡುಗಿಗೆ ಮೈ ಹುಷಾರಿಲ್ಲದಾಗ ಏನಾಗುತ್ತೆ ಅನ್ನೋದು.

ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಒಂದು ಕ್ಲಿನಿಕ್ಕಿಗೆ ಹೋಗಿ ನಿಲ್ಲಿ. ಕೌಂಟರಿನಲ್ಲಿ ಮೊದಲು ಕೇಳೋದು ಎಲ್ಲಿ ನೋವು ಅಂತಲ್ಲ. ಇನ್ಶೂರೆನ್ಸ್ ಯಾರ ಹೆಸರಲ್ಲಿದೆ, ಅವರ ಹುಟ್ಟಿದ ತಾರೀಖು ಏನು ಅಂತ. ಎಚ್-4 ವೀಸಾದಲ್ಲಿ, ಅಂದರೆ ಅಲ್ಲಿ ಕೆಲಸ ಮಾಡೋ ಗಂಡನ ಅವಲಂಬಿತಳಾಗಿ, ಹೋದವಳು ಸಾಮಾನ್ಯವಾಗಿ ಕೊಡೋ ಉತ್ತರ ಗಂಡನ ಹೆಸರು, ಗಂಡನ ತಾರೀಖು. ಬೆಂಗಳೂರಿನಲ್ಲಿ ಇಪ್ಪತ್ತು ಜನರ ಟೀಮ್ ನಡೆಸಿದವಳಿರಬಹುದು, ಅವಳೇ ಡಾಕ್ಟರೂ ಆಗಿರಬಹುದು. ಆ ಕೌಂಟರಿಗೆ ಅದೆಲ್ಲ ಬೇಕಾಗಿಲ್ಲ.

ಅಂದರೆ ಅವಳ ಆರೋಗ್ಯ ನಿಂತಿರೋದು ಗಂಡನ ಕಂಪನಿಯ ಇನ್ಶೂರೆನ್ಸ್ ಮೇಲೆ. ಅದು ನಿಂತಿರೋದು ಅವನ ಕೆಲಸದ ಮೇಲೆ, ಕೆಲಸ ನಿಂತಿರೋದು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ. ಈ ಎಲ್ಲದಕ್ಕೂ ಅವಳನ್ನು ಕಟ್ಟಿಹಾಕಿರೋದು ಮದುವೆಯ ಸರ್ಟಿಫಿಕೇಟು. ನನ್ನ ವಾದ ಇಷ್ಟೇ: ಡಾಕ್ಟರ ಹತ್ತಿರ ಹೋಗೋ ದಾರಿ ಮದುವೆಯ ಮೂಲಕ ಹಾದುಹೋಗಬಾರದು. ಹಾದುಹೋಗೋದೇ ಆದರೆ, ಮುಹೂರ್ತ ಇಡೋ ಮುಂಚೆ ಆ ದಾರಿ ಎಲ್ಲೆಲ್ಲಿ ಮುರಿಯುತ್ತೆ ಅಂತ ಹುಡುಗಿಗೆ ಗೊತ್ತಿರಬೇಕು.

ಈ ಏರ್ಪಾಡನ್ನು ಯಾರೋ ಕೂತು ಯೋಚಿಸಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಅಮೆರಿಕ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿತು. ಸಂಬಳ ಏರಿಸಲಾಗದ ಕಂಪನಿಗಳು ಜನರನ್ನು ಸೆಳೆಯೋಕೆ ಇನ್ಶೂರೆನ್ಸ್ ಕೊಡತೊಡಗಿದವು. 1954ರ ತೆರಿಗೆ ಕಾನೂನು ಅದನ್ನು ಗಟ್ಟಿಮಾಡಿತು. ಆಮೇಲೆ 2010ರಲ್ಲಿ ಒಬಾಮಾ ಕಾನೂನು ಬಂತು. ಅದು ದೊಡ್ಡ ಕಂಪನಿಗಳು ನೌಕರರಿಗೂ ಅವರ 26 ವರ್ಷದೊಳಗಿನ ಮಕ್ಕಳಿಗೂ ವಿಮೆ ಒದಗಿಸಬೇಕು, ಇಲ್ಲವಾದರೆ ದಂಡ ಅನ್ನುತ್ತೆ. ಗಂಡ ಅಥವಾ ಹೆಂಡತಿಗೆ ಒದಗಿಸಬೇಕು ಅಂತ ಹೇಳೋದೇ ಇಲ್ಲ! ಬಹಳಷ್ಟು ಕಂಪನಿಗಳು ಕೊಡ್ತವೆ, ನಿಜ. ಅದು ಅವರ ಮರ್ಜಿ.

ಎಚ್-4 ಅಂದರೆ ಒಂದೆರಡು ವರ್ಷದ ಮಾತು ಅಂದ್ಕೋಬೇಡಿ. ಒಂದು ದೇಶದವರಿಗೆ ವರ್ಷಕ್ಕೆ ಶೇಕಡ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಅನ್ನೋ ಮಿತಿಯಿಂದ ಭಾರತೀಯರ ಸಾಲು ದಶಕ ದಾಟುತ್ತೆ. 2015ರ ಮೇ ತಿಂಗಳಿಂದ ಕೆಲವು ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗುತ್ತಿದೆ. ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬಂದಿದ್ದರೆ ಮಾತ್ರ. ಅಲ್ಲೂ ಗಂಡನೇ.

ಯಾರೂ ಮಾತಾಡದ ಇನ್ನೊಂದು ಸಂಗತಿ ಇದೆ. ಅವಳು ಡಾಕ್ಟರ ಹತ್ತಿರ ಹೋಗಿಬಂದ ಮೇಲೆ ವಿಮಾ ಕಂಪನಿ ಒಂದು ಲೆಕ್ಕದ ಕಾಗದ ಕಳಿಸುತ್ತೆ: ಯಾವ ದಿನ, ಯಾವ ಡಾಕ್ಟರು, ಏನು ಚಿಕಿತ್ಸೆ, ಎಷ್ಟು ದುಡ್ಡು. ಅದು ಹೋಗೋದು ಸಾಮಾನ್ಯವಾಗಿ ಕಾರ್ಡು ಯಾರ ಹೆಸರಲ್ಲಿದೆಯೋ ಅವರಿಗೆ. ಗರ್ಭನಿರೋಧಕ ತಗೊಂಡಳಾ, ಮನೋವೈದ್ಯರನ್ನು ನೋಡಿದಳಾ, ಕೈ ಮೇಲಿನ ಬಾಸುಂಡೆಗೆ ಮುಲಾಮು ಹಾಕಿಸಿಕೊಂಡಳಾ, ಎಲ್ಲ ಅವನ ಆ್ಯಪ್‌ನಲ್ಲಿ ಬಂದು ಬೀಳಬಹುದು. ಯಾರ ಬಗ್ಗೆ ಹೇಳಿಕೊಳ್ಳೋಕೆ ಕೌನ್ಸೆಲರ್ ಹತ್ತಿರ ಹೋದಳೋ ಅವನಿಗೇ ಅದರ ರಸೀತಿ! ಹಾಗಾದಾಗ ಎಷ್ಟೋ ಹೆಂಗಸರು ಹೋಗೋದನ್ನೇ ಬಿಡ್ತಾರೆ. ವಿಮೆ ಇದೆ, ಡಾಕ್ಟರಿದ್ದಾರೆ, ಹೋಗೋಕೆ ಮಾತ್ರ ಧೈರ್ಯ ಇಲ್ಲ.

ಇದಕ್ಕೆ ದಾರಿ ಇದೆ. ಈ ಮಾಹಿತಿ ಇನ್ನೊಬ್ಬರ ಕೈಗೆ ಸಿಕ್ಕರೆ ನನಗೆ ಅಪಾಯ ಅಂತ ತಿಳಿಸಿದರೆ, ಕಾಗದಗಳನ್ನು ಬೇರೆ ವಿಳಾಸಕ್ಕೆ ಕಳಿಸಿ ಅನ್ನೋ ಕೋರಿಕೆಗೆ ವಿಮಾ ಕಂಪನಿ ಒಪ್ಪಲೇಬೇಕು. ಅಮೆರಿಕದ ಹಿಪಾ ಗೋಪ್ಯತಾ ನಿಯಮ ಹಾಗೆ ಹೇಳುತ್ತೆ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿದೆ: 2022ರ ಜುಲೈಯಿಂದ ಅಲ್ಲಿ ಗರ್ಭನಿರೋಧಕ, ಮನೋವೈದ್ಯರ ಭೇಟಿಯಂಥ ಸೂಕ್ಷ್ಮ ಚಿಕಿತ್ಸೆಯ ವಿವರವನ್ನು ರೋಗಿಯ ಒಪ್ಪಿಗೆ ಇಲ್ಲದೆ ಕಾರ್ಡಿನ ಯಜಮಾನನಿಗೆ ಕೊಡೋ ಹಾಗಿಲ್ಲ. ಹೊಸ ದೇಶಕ್ಕೆ ಬಂದಿಳಿದವಳಿಗೆ ಇದನ್ನು ಯಾರು ಹೇಳ್ತಾರೆ? ಯಾವ ಅಂಗಡಿಯಲ್ಲಿ ಕರಿಬೇವು ಸಿಗುತ್ತೆ ಅನ್ನೋದು ಮೊದಲ ವಾರದಲ್ಲೇ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತೆ. ಇದು ಬರಲ್ಲ.

ಈಗ ಮದುವೆ ಮುರಿಯಿತು ಅಂತಿಟ್ಟುಕೊಳ್ಳಿ. ಕೋಬ್ರಾ ಅಂತ ಒಂದು ಕಾನೂನಿದೆ. ಹಾವಲ್ಲ, ಹೆಸರು ಹಾಗೆ. 20 ಅಥವಾ ಹೆಚ್ಚು ನೌಕರರಿರೋ ಕಂಪನಿಯ ವಿಮೆಯಾದರೆ, ವಿಚ್ಛೇದನದ ನಂತರ 36 ತಿಂಗಳವರೆಗೆ ಅದರಲ್ಲೇ ಉಳಿಯಬಹುದು. ವಿಚ್ಛೇದನವಾಗಿದೆ ಅಂತ 60 ದಿನದೊಳಗೆ ತಿಳಿಸಬೇಕು, ಮತ್ತು ಪೂರ್ತಿ ಕಂತು, ಅದರ ಮೇಲೆ ಶೇಕಡ 2 ತಾನೇ ಕಟ್ಟಬೇಕು. ಆರೋಗ್ಯ ನೀತಿ ಅಧ್ಯಯನ ಮಾಡೋ ಕೆಎಫ್‌ಎಫ್ ಸಂಸ್ಥೆಯ 2024ರ ಸಮೀಕ್ಷೆ ಪ್ರಕಾರ ಒಬ್ಬರ ವಿಮೆಯ ಸರಾಸರಿ ವಾರ್ಷಿಕ ಕಂತು 8,951 ಡಾಲರ್. ಅಂದರೆ ತಿಂಗಳಿಗೆ 750 ಡಾಲರ್ ಹತ್ತಿರ. ಕೆಲಸ ಮಾಡೋ ಪರವಾನಗಿಯೇ ಇಲ್ಲದವಳು ಎಲ್ಲಿಂದ ತರ್ತಾಳೆ?

ಹಾಗೂ ಹೀಗೂ ತಂದಳು ಅನ್ನಿ. ಕೋರ್ಟು ವಿಚ್ಛೇದನದ ತೀರ್ಪು ಕೊಟ್ಟ ದಿನವೇ ಎಚ್-4 ಮುಗಿಯಿತು. ಕೆಲಸ ಕಳಕೊಂಡ ಎಚ್-1ಬಿ ಗಂಡನಿಗೆ 60 ದಿನದವರೆಗೆ ಉಸಿರಾಡೋಕೆ ಅವಕಾಶ ಇದೆ. ಗಂಡನನ್ನು ಕಳಕೊಂಡ ಎಚ್-4 ಹೆಂಡತಿಗೆ ಅಂಥದ್ದಿಲ್ಲ. ತೀರ್ಪಿಗೆ ಮುಂಚೆಯೇ ಬೇರೆ ವೀಸಾಗೆ ಅರ್ಜಿ ಹಾಕಿರಬೇಕು. ವಿಮೆಗೆ 36 ತಿಂಗಳು, ವೀಸಾಗೆ ಒಂದು ದಿನವೂ ಇಲ್ಲ.

"ಎಲ್ಲ ಗಂಡಂದಿರೂ ಕೆಟ್ಟವರಾ?" ಅಂತ ಕೆಳಗೆ ಕಾಮೆಂಟ್ ಬರುತ್ತೆ, ಗೊತ್ತು. ಅಲ್ಲಪ್ಪ. ಒಳ್ಳೆಯ ಗಂಡನಿಗೂ ಲೇಆಫ್ ಆಗುತ್ತೆ. ಒಳ್ಳೆಯ ಗಂಡನೂ ತೀರಿಕೊಳ್ಳಬಹುದು, ಆಗಲೂ ಹೆಂಡತಿಯ ಎಚ್-4 ಅವನ ಜೊತೆಗೇ ಹೋಗುತ್ತೆ. ಎಚ್-4ನಲ್ಲಿ ಗಂಡಸರೂ ಇದ್ದಾರೆ, ಅವರಿಗೂ ಇದೇ ಕಥೆ.

ಬೇರೆ ಥರ ಮಾಡೋಕೆ ಆಗಲ್ವಾ ಅಂದರೆ, ಬ್ರಿಟನ್ ನೋಡಿ. ಅಲ್ಲಿ ವೀಸಾ ತಗೊಳ್ಳುವಾಗಲೇ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ತಾರೆ. 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಹೆಂಡತಿಗೂ ಅಷ್ಟೇ. ದುಬಾರಿ, ನನಗಂತೂ ಸುಲಿಗೆ ಅನ್ನಿಸುತ್ತೆ. ಆದರೆ ಒಂದು ಮಾತು: ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅವಳಿಗೆ ಅವಳದೇ ನಂಬರ್ ಇರುತ್ತೆ. ಜಿಪಿ, ಅಂದರೆ ಮಾಮೂಲಿ ಡಾಕ್ಟರ, ಹತ್ತಿರ ಹೋಗೋಕೆ ಗಂಡನ ಹುಟ್ಟಿದ ತಾರೀಖು ಬೇಡ. ಇಂಗ್ಲೆಂಡಿನಲ್ಲಿ ಮನೆಯೊಳಗಿನ ಹಿಂಸೆಯಿಂದಾದ ಗಾಯಕ್ಕೆ ಚಿಕಿತ್ಸೆ ಬೇಕಾದರೆ, ವೀಸಾ ಸ್ಥಿತಿ ಏನೇ ಇದ್ದರೂ ಶುಲ್ಕ ಕೇಳಬಾರದು ಅನ್ನೋ ನಿಯಮವೂ ಇದೆ. ಗಲ್ಫಿನ ಕಥೆ ಇನ್ನೊಂದು ದಿಕ್ಕು. ಕತಾರ್‌ನಂಥ ಕಡೆ ಗರ್ಭಿಣಿ ತಪಾಸಣೆಗೆ ಮದುವೆ ಸರ್ಟಿಫಿಕೇಟನ್ನೇ ಕೇಳ್ತಾರೆ. ಮಂಗಳೂರು, ಉಡುಪಿ, ಭಟ್ಕಳದ ಕೇಳುಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಇನ್ನೊಂದು ಬಾಗಿಲಿತ್ತು. ಒಬಾಮಾ ಕಾನೂನಿನಡಿ ಇರೋ ವಿಮೆ ಮಾರುಕಟ್ಟೆಯಲ್ಲಿ ಎಚ್-4ನವರೂ ಸ್ವಂತ ವಿಮೆ ಕೊಳ್ಳಬಹುದು, ಆದಾಯ ಕಡಿಮೆಯಿದ್ದರೆ ಸಬ್ಸಿಡಿ ಸಿಗುತ್ತೆ. ಆ ಸಬ್ಸಿಡಿಗೆ ಮದುವೆಯಾದವರು ಜೋಡಿಯಾಗಿ ತೆರಿಗೆ ಲೆಕ್ಕ ಕೊಡಬೇಕು, ಹೊಡೆತ ತಿಂದವರಿಗೆ, ಬಿಟ್ಟುಹೋದ ಗಂಡನ ಹೆಂಡತಿಗೆ ವಿನಾಯಿತಿ ಇದೆ. ಅದೂ ಮುಚ್ಚುತ್ತಿದೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಂತೆ 2027ರ ಜನವರಿಯಿಂದ ಎಚ್ ವೀಸಾದವರಿಗೆ ಈ ಸಬ್ಸಿಡಿ ಇಲ್ಲ. ಪೂರ್ತಿ ದುಡ್ಡು ಕೊಟ್ಟು ಕೊಳ್ಳಿ ಅಷ್ಟೇ.

ಈಗಲೇ ಕಷ್ಟದಲ್ಲಿರೋರು ಕೇಳ್ತಿದ್ದರೆ, ಇದನ್ನು ಬರೆದುಕೊಳ್ಳಿ. ಜೀವಕ್ಕೆ ಅಪಾಯ ಇದ್ದಾಗ ಎಮರ್ಜೆನ್ಸಿಗೆ ಹೋಗಿ. ವಿಮೆ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, 1986ರ ಕಾನೂನಿದೆ. ಬಿಲ್ ಆಮೇಲೆ ಬರುತ್ತೆ, ಅದಕ್ಕೆ ಆಮೇಲೆ ಜಗಳ ಆಡೋಣ. ಗಂಡನಿಂದ ಹಿಂಸೆ ಆಗ್ತಿದ್ದರೆ ಎಚ್-4ನವರಿಗೆ ಪ್ರತ್ಯೇಕ ಕೆಲಸದ ಪರವಾನಗಿ ಕೇಳೋ ಅವಕಾಶ 2017ರಿಂದ ಇದೆ. ವಿಚ್ಛೇದನ ಆಗಿ ಎರಡು ವರ್ಷ ದಾಟಿರಬಾರದು. ನ್ಯೂಜೆರ್ಸಿಯಲ್ಲಿ ಮಾನವಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ, ನಾರಿಕಾ: ಇವು ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡ್ತಿರೋ ಸಂಸ್ಥೆಗಳು.

ನಮ್ಮ ಕನ್ನಡ ಕೂಟಗಳಿಗೆ ಒಂದು ಕೋರಿಕೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹಾಲ್ ಹಿಡೀತೀರಿ, ಒಡವೆ ಅಂಗಡಿಗೂ ರಿಯಲ್ ಎಸ್ಟೇಟಿನವರಿಗೂ ಸ್ಟಾಲ್ ಕೊಡ್ತೀರಿ. ಒಂದು ಮೇಜು ಇದಕ್ಕೂ ಕೊಡಿ. ಕನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಿಸಿ: ಕಾಗದ ಬೇರೆ ವಿಳಾಸಕ್ಕೆ ತರಿಸೋದು ಹೇಗೆ, 60 ದಿನದ ಗಡುವು ಯಾವುದು, ಯಾರಿಗೆ ಫೋನ್ ಮಾಡಬೇಕು. ಆ ಹಾಳೆಯನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಮೇಜಿನ ಹತ್ತಿರ ಗಂಡನ ಜೊತೆ ಬಂದವಳು ನಿಂತು ಓದಲ್ಲ.